ಹೆಲ್ಮೆಟ್ ಮೇಲಿನ ಗೀರು, ಹೆಬ್ಬೆರಳ ಬುಡದ ನೋವು

ಪ್ರಶ್ನೆ: ಡಾಕ್ಟ್ರೇ, ನನಗೆ 29 ವರ್ಷ. ಮನೆ ತುಮಕೂರು, ಕೆಲಸ ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ. ದಿನಾ ಬೈಕಿನಲ್ಲೇ ಓಡಾಟ. ಐದು ವಾರದ ಹಿಂದೆ ಸರ್ವಿಸ್ ರಸ್ತೆಯಲ್ಲಿ ನಾಯಿ ಅಡ್ಡ ಬಂತು. ಬ್ರೇಕ್ ಹಿಡಿದೆ, ಮುಂದಿನ ಚಕ್ರ ಜಾರಿ ಬಿದ್ದೆ. 40ರ ವೇಗ ಇತ್ತು ಅಷ್ಟೆ. ಹೆಲ್ಮೆಟ್ ನೆಲಕ್ಕೆ ಬಡಿಯಿತು, ಎಡಗಡೆ ಒಂದು ಗೀರು ಬಿಟ್ಟರೆ ಚೆನ್ನಾಗೇ ಇದೆ. ಎರಡು ದಿನ ತಲೆನೋವಿತ್ತು, ಹೋಯಿತು. ಬಲಗೈ ಮಣಿಕಟ್ಟಿನ ಎಕ್ಸ್‌ರೇ ಅವತ್ತೇ ತೆಗೆದರು, ಏನೂ ಆಗಿಲ್ಲ ಅಂದರು. ಆದರೆ ಈಗಲೂ ಆಕ್ಸಿಲರೇಟರ್ ತಿರುಗಿಸುವಾಗ ಹೆಬ್ಬೆರಳ ಬುಡದಲ್ಲಿ ನೋವು. ಅದೇ ಹೆಲ್ಮೆಟ್ ಬಳಸಬಹುದಾ? ಗ್ಲೌಸ್, ಜಾಕೆಟ್ ಎಲ್ಲ ನಮ್ಮಂಥವರಿಗೆ, ಈ ಬಿಸಿಲಲ್ಲಿ, ಇಷ್ಟು ಕಡಿಮೆ ವೇಗಕ್ಕೆ ಬೇಕಾ? 12 ಸಾವಿರದವರೆಗೆ ಖರ್ಚು ಮಾಡಬಲ್ಲೆ. ಹೆಂಡತಿ ಬೈಕ್ ಮಾರಿಬಿಡಿ ಅಂತಿದ್ದಾಳೆ. ಮೂರು ವರ್ಷದ ಮಗಳಿದ್ದಾಳೆ.

ಉತ್ತರ: ನೀವು ಹೆಲ್ಮೆಟ್ ಬಗ್ಗೆ ಕೇಳಿದ್ದೀರಿ. ನಾನು ಮೊದಲು ಮಣಿಕಟ್ಟಿನ ಬಗ್ಗೆ ಹೇಳುತ್ತೇನೆ. ಅದು ಕಾಯುವ ವಿಷಯವಲ್ಲ.

ಬಲಗೈಯ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಹುರಿಯಂತೆ ಎದ್ದು ಕಾಣುವ ಎರಡು ಎಳೆಗಳ ನಡುವೆ ಒಂದು ಗುಳಿ ಬೀಳುತ್ತದೆ. ಹಿಂದೆ ಜನ ಅದರಲ್ಲಿ ನಶ್ಯ ಇಟ್ಟುಕೊಂಡು ಮೂಗಿಗೆ ಏರಿಸುತ್ತಿದ್ದರು. ವೈದ್ಯರ ಪುಸ್ತಕದಲ್ಲೂ ಅದಕ್ಕೆ ನಶ್ಯದ ಡಬ್ಬಿ ಅಂತಲೇ ಹೆಸರು. ಎಡಗೈ ತೋರುಬೆರಳಿನಿಂದ ಆ ಗುಳಿಯನ್ನು ಒತ್ತಿ ನೋಡಿ. ಚುರುಕ್ ಅನ್ನುವ ನೋವು ಬಂದರೆ ಈ ವಾರದಲ್ಲೇ ಮೂಳೆ ವೈದ್ಯರನ್ನು ಕಾಣಿ. ಬಿದ್ದ ದಿನದ ಎಕ್ಸ್‌ರೇಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಒತ್ತಿದಾಗ ನೋವು ಬರದಿದ್ದರೂ ತೋರಿಸಿ. ಐದು ವಾರ ಕಳೆದರೂ ಹೋಗದ ನೋವಿಗೆ ಏನೋ ಕಾರಣ ಇರುತ್ತದೆ.

ಆ ಗುಳಿಯ ತಳದಲ್ಲಿ ಗೋಡಂಬಿ ಗಾತ್ರದ ಒಂದು ಮೂಳೆ ಇದೆ. ಹೆಸರು ಸ್ಕೇಫಾಯ್ಡ್. ದೋಣಿ ಆಕಾರದ್ದು ಎಂದು ಅರ್ಥ. ಬೀಳುವಾಗ ನಾವು ಯೋಚಿಸುವ ಮೊದಲೇ ಕೈ ಮುಂದಕ್ಕೆ ಹೋಗುತ್ತದೆ, ಅಂಗೈ ನೆಲಕ್ಕೆ ಊರುತ್ತದೆ. ಮೈಯ ಭಾರವೆಲ್ಲ ಆ ಪುಟ್ಟ ಮೂಳೆಯ ಮೂಲಕ ಹಾದು ಹೋಗುತ್ತದೆ. ಅದು ಬಿರುಕು ಬಿಟ್ಟರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆದರೆ, ಇಲ್ಲವೇ ಎಂಆರ್‌ಐ ಮಾಡಿಸಿದರೆ ಕಾಣುತ್ತದೆ. ನಿಮ್ಮ ಮೊದಲ ವೈದ್ಯರು ತಪ್ಪು ಮಾಡಿದರು ಎಂದು ನಾನು ಹೇಳುತ್ತಿಲ್ಲ. ಆವತ್ತು ಅವರಿಗೆ ಕಾಣದೇ ಇದ್ದಿರಬಹುದು. ತೊಂದರೆ ಏನೆಂದರೆ, ಈ ಮೂಳೆಗೆ ರಕ್ತ ಬರುವುದು ಬಹುಪಾಲು ಬೆರಳಿನ ಕಡೆಯ ತುದಿಯಿಂದ. ನಡುವೆ ಮುರಿದರೆ ಮೊಣಕೈ ಕಡೆಯ ತುಂಡಿಗೆ ರಕ್ತ ಸಿಗದೆ ಅದು ಸಾಯಬಹುದು. ಆಮೇಲೆ ಮಣಿಕಟ್ಟೇ ಸವೆಯುತ್ತಾ ಹೋಗುತ್ತದೆ. ಮಷಿನ್ ಹಿಡಿದು ದುಡಿಯುವ 29ರ ಕೈಗೆ ಅದು ದೊಡ್ಡ ನಷ್ಟ. ಬೇಗ ಗೊತ್ತಾದರೆ ಪ್ಲಾಸ್ಟರ್‌ನಲ್ಲೋ ಒಂದು ಸಣ್ಣ ಸ್ಕ್ರೂನಲ್ಲೋ ಸರಿಹೋಗುತ್ತದೆ. ಅದು ಇತ್ಯರ್ಥ ಆಗುವವರೆಗೆ ಬೈಕ್ ಬೇಡ. ಬಸ್ಸಿನಲ್ಲಿ ಹೋಗಿ.

ಇನ್ನು ತಲೆನೋವು. ಎರಡೇ ದಿನದಲ್ಲಿ ಹೋಗಿದ್ದು ಒಳ್ಳೆಯ ಸೂಚನೆ. ಅದು ಮತ್ತೆ ಶುರುವಾಗಿ ದಿನದಿಂದ ದಿನಕ್ಕೆ ಜಾಸ್ತಿಯಾದರೆ, ವಾಂತಿಯಾದರೆ, ಮಂಪರು ಕವಿದರೆ, ಒಂದು ಕಡೆಯ ಕೈಕಾಲು ಸೋತಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿ. ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಒಸರಿ ವಾರಗಳ ನಂತರ ತೊಂದರೆ ಕೊಡುವುದುಂಟು. ವಯಸ್ಸಾದವರಲ್ಲಿ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ. ನಿಮ್ಮ ವಯಸ್ಸಿಗೆ ಅಪರೂಪ. ಆದರೂ ಮನೆಯವರಿಗೆ ಈ ಲಕ್ಷಣ ಹೇಳಿಟ್ಟಿರಿ.

ಈಗ ಹೆಲ್ಮೆಟ್. ಬದಲಾಯಿಸಿ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಹೊಸ ಟಿವಿ ತಂದಾಗ ಡಬ್ಬದೊಳಗೆ ಥರ್ಮಾಕೋಲ್ ಇರುತ್ತದಲ್ಲ, ಅದನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿ ನೋಡಿ. ಗುಳಿ ಬೀಳುತ್ತದೆ. ಆ ಗುಳಿ ಮತ್ತೆ ಮೇಲೆ ಬರುವುದಿಲ್ಲ. ಹೆಲ್ಮೆಟ್‌ನ ಗಟ್ಟಿ ಚಿಪ್ಪಿನ ಒಳಗೆ, ಬಟ್ಟೆಯ ಮೆತ್ತೆಯ ಹಿಂದೆ ಇರುವುದು ಅದೇ ಜಾತಿಯ ವಸ್ತು, ಇನ್ನೂ ಒತ್ತಾಗಿ ಮಾಡಿದ್ದು. ತಲೆಯನ್ನು ಉಳಿಸುವುದು ಬಹುಪಾಲು ಅದೇ. ಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಚೂಪಾದದ್ದು ಒಳಗೆ ನುಗ್ಗದಂತೆ ತಡೆಯುತ್ತದೆ. ಥರ್ಮಾಕೋಲ್ ತಾನು ಜಜ್ಜಿಹೋಗಿ ತಲೆಯನ್ನು ನಿಧಾನವಾಗಿ ನಿಲ್ಲಿಸುತ್ತದೆ. ಒಂದು ಜಾಗದಲ್ಲಿ ಅದು ಆ ಕೆಲಸ ಮಾಡುವುದು ಒಂದೇ ಸಲ. ನಿಮ್ಮ ಹೆಲ್ಮೆಟ್‌ನ ಎಡಭಾಗದಲ್ಲಿ ಅದು ಈಗಾಗಲೇ ಜಜ್ಜಿರಬಹುದು. ಚಿಪ್ಪು ಮಾತ್ರ ಮೊದಲಿನ ಆಕಾರಕ್ಕೆ ಮರಳಿ ಗೀರು ಬಿಟ್ಟು ಏನೂ ಆಗಿಲ್ಲ ಎನ್ನುವಂತೆ ಕಾಣುತ್ತದೆ. ಮನೆಯಲ್ಲಿ ಕುಳಿತು ಇದನ್ನು ಪರೀಕ್ಷೆ ಮಾಡುವ ದಾರಿ ಇಲ್ಲ. ಹಳೆಯದನ್ನು ಯಾರಿಗೂ ಕೊಡಬೇಡಿ, ಮಾರಬೇಡಿ. ಬೆಲ್ಟ್ ಕತ್ತರಿಸಿ ಎಸೆಯಿರಿ. ಇಲ್ಲದಿದ್ದರೆ ಗುಜರಿಯಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆ.

ನಿಮ್ಮ ಮೂರನೇ ಮಾತು ನನ್ನನ್ನು ಹೆಚ್ಚು ಕಾಡಿತು. 40ರ ವೇಗ ಅಷ್ಟೆ ಅಂದಿರಿ. ನನ್ನ ಬಳಿ ಬರುವ ಹೆಚ್ಚಿನವರು ಇದನ್ನೇ ಹೇಳುತ್ತಾರೆ. ಹಾಲು ತರಲು ಹೋಗಿದ್ದೆ, ಮಗುವನ್ನು ಶಾಲೆಗೆ ಬಿಡಲು ಹೋಗಿದ್ದೆ, ನಿಧಾನವಾಗೇ ಇದ್ದೆ ಡಾಕ್ಟ್ರೇ.

ಬೈಕಿನಿಂದ ಬೀಳುವಾಗ ಎರಡು ಸಂಗತಿ ಬೇರೆ ಬೇರೆಯಾಗಿ ನಡೆಯುತ್ತವೆ. ಒಂದು, ಮೇಲಿನಿಂದ ಕೆಳಗೆ ಬೀಳುವುದು. ಇನ್ನೊಂದು, ನೆಲದ ಮೇಲೆ ಉಜ್ಜಿಕೊಂಡು ಹೋಗುವುದು. ಎರಡನೆಯದು ವೇಗಕ್ಕೆ ತಕ್ಕಂತೆ ಜಾಸ್ತಿಯಾಗುತ್ತದೆ. ಮೊದಲನೆಯದು ಹಾಗಲ್ಲ. ಸೀಟಿನ ಮೇಲೆ ಕುಳಿತಾಗ ನಿಮ್ಮ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ನೀವು 20ರಲ್ಲಿ ಹೋಗುತ್ತಿರಲಿ, 60ರಲ್ಲಿ ಹೋಗುತ್ತಿರಲಿ, ಆ ಎತ್ತರ ಅಷ್ಟೇ. ಸಿಗ್ನಲ್‌ನಲ್ಲಿ ನಿಂತಾಗ ಬೈಕ್ ವಾಲಿ ಬಿದ್ದರೂ ಅಷ್ಟೇ. ಅಲ್ಲಿಂದ ಬಿದ್ದ ತಲೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಬರಿ ತಲೆಯಾದರೆ ಅದು ನಿಲ್ಲಲು ಸಿಗುವುದು ನೆತ್ತಿಯ ಚರ್ಮದ ದಪ್ಪದಷ್ಟು, ಕೆಲವೇ ಮಿಲಿಮೀಟರ್ ಜಾಗ. ಹೆಲ್ಮೆಟ್ ಇದ್ದರೆ ಎರಡು ಎರಡೂವರೆ ಸೆಂಟಿಮೀಟರ್ ಸಿಗುತ್ತದೆ. 3 ಮಿಲಿಮೀಟರಿನಲ್ಲಿ ನಿಲ್ಲುವ ತಲೆ 24 ಮಿಲಿಮೀಟರಿನಲ್ಲಿ ನಿಂತರೆ ಮಿದುಳಿನ ಮೇಲೆ ಬೀಳುವ ಹೊಡೆತ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೆಲ್ಮೆಟ್ ಮಾಡುವುದು ಇಷ್ಟೇ ಕೆಲಸ. ಇಷ್ಟಕ್ಕೆ ಜೀವ ಉಳಿಯುತ್ತದೆ.

ಯುರೋಪಿನ ಇಸಿಇ ಪರೀಕ್ಷೆಯಲ್ಲಿ ಹೆಲ್ಮೆಟ್ಟನ್ನು ಕಬ್ಬಿಣದ ಅಡಿಗಲ್ಲಿನ ಮೇಲೆ ಬೀಳಿಸುವ ಮುಖ್ಯ ವೇಗ ಸೆಕೆಂಡಿಗೆ 7.5 ಮೀಟರ್, ಅಂದರೆ ಗಂಟೆಗೆ 27 ಕಿಲೋಮೀಟರ್. ಇದನ್ನು ಕೇಳಿದವರು ಅಷ್ಟೇನಾ ಎಂದು ಅಚ್ಚರಿ ಪಡುತ್ತಾರೆ. ಆದರೆ ಬಹಳಷ್ಟು ಬೀಳುಗಳಲ್ಲಿ ತಲೆ ನೆಲಕ್ಕೆ ಬಡಿಯುವ ವೇಗ ಅದರ ಆಸುಪಾಸೇ. ಅಂದರೆ ಹೆಲ್ಮೆಟ್ ಚೆನ್ನಾಗಿ ಕೆಲಸ ಮಾಡುವುದೇ ನಿಮ್ಮಂಥ, ನನ್ನಂಥ ಸಾಮಾನ್ಯ ಬೀಳುವಿಕೆಯಲ್ಲಿ. ನಿಧಾನವಾಗಿ ಹೋಗುವವರಿಗೆ ಅದು ಬೇಡ ಎನ್ನುವುದು ಪೂರಾ ತಲೆಕೆಳಗಾದ ಮಾತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಕೋಕ್ರೇನ್ ಪರಿಶೀಲನೆಯ ಪ್ರಕಾರ ಹೆಲ್ಮೆಟ್ ಸಾವಿನ ಸಂಭವವನ್ನು ಸುಮಾರು 42%, ತಲೆಗೆ ಪೆಟ್ಟಾಗುವ ಸಂಭವವನ್ನು ಸುಮಾರು 69% ಇಳಿಸುತ್ತದೆ.

ಎರಡನೆಯದಕ್ಕೆ, ಅಂದರೆ ಉಜ್ಜಿಕೊಂಡು ಹೋಗುವುದಕ್ಕೆ ಬರೋಣ. 40ರ ವೇಗದಲ್ಲಿ ಬಿದ್ದ ಮೈ ಒಣ ಡಾಂಬರಿನ ಮೇಲೆ ಸುಮಾರು ಹತ್ತು ಮೀಟರ್ ಜಾರುತ್ತದೆ. ಎರಡು ಸೆಕೆಂಡ್ ಹಿಡಿಯುತ್ತದೆ. 60ರಲ್ಲಾದರೆ ಇಪ್ಪತ್ತು ಮೀಟರಿಗೂ ಜಾಸ್ತಿ, ಸುಮಾರು ಮೂರು ಸೆಕೆಂಡ್. ಮಾಮೂಲಿ ಜೀನ್ಸ್ ಬಟ್ಟೆ ಉಜ್ಜುವ ಪರೀಕ್ಷೆಯಲ್ಲಿ ಒಂದು ಸೆಕೆಂಡಿಗೂ ಮೊದಲೇ ತೂತಾಗುತ್ತದೆ. ಉಳಿದ ಸಮಯದಲ್ಲಿ ಏನು ಉಜ್ಜುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಇದನ್ನು ಕಲಿಸಿದ್ದು ಓದಲ್ಲ, ನನ್ನದೇ ಮೈ. ಒಂದು ಜನವರಿಯ ಭಾನುವಾರ ಬೆಳಗ್ಗೆ ನಾಗಮಂಗಲದ ಕಡೆ ನೆಂಟರ ಮನೆಗೆ ಹೊರಟಿದ್ದೆ. ತಿರುವು ದಾಟಿದ ಕೂಡಲೇ ರಸ್ತೆ ತುಂಬ ಹುರುಳಿ ಬಳ್ಳಿ ಹಾಸಿತ್ತು. ಗಾಡಿ ಹರಿದು ಕಾಳು ಉದುರಲಿ ಎಂದು ಹಾಸಿರುತ್ತಾರೆ. ಸುಗ್ಗಿಯ ಕಾಲದಲ್ಲಿ ನಮ್ಮ ಹಳೇ ಮೈಸೂರು ಕಡೆ ಯಾವ ಹಳ್ಳಿ ರಸ್ತೆಗೆ ಹೋದರೂ ರಾಗಿ, ಹುರುಳಿ ಒಕ್ಕಣೆ ಡಾಂಬರಿನ ಮೇಲೇ. ಕಣ ಮಾಡಲು ಜಾಗವಿಲ್ಲ, ಆಳು ಸಿಗುವುದಿಲ್ಲ. ಆ ರೈತರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಒಣಗಿದ ಹುರುಳಿ ಬಳ್ಳಿಯ ಕೆಳಗೆ ಉದುರಿದ ಕಾಳು ಇರುತ್ತದೆ. ಅದರ ಮೇಲೆ ಎರಡು ಚಕ್ರದ ಗಾಡಿ ಓಡಿಸುವುದೂ ಗೋಲಿಗಳ ಮೇಲೆ ಓಡಿಸುವುದೂ ಒಂದೇ. ನಾನು 45ರಲ್ಲಿದ್ದೆ. ಬ್ರೇಕ್ ಮುಟ್ಟಿದ್ದೇ ತಡ ಮುಂದಿನ ಚಕ್ರ ಎಡಕ್ಕೆ ಹೋಯಿತು. ಎಡಗೈ, ಎಡ ಸೊಂಟ, ಆಮೇಲೆ ಗಲ್ಲ, ಈ ಕ್ರಮದಲ್ಲಿ ನೆಲ ಸಿಕ್ಕಿತು. ಬಳ್ಳಿ ಮುಗಿದ ಮೇಲೂ ಡಾಂಬರಿನಲ್ಲಿ ಜಾರಿದೆ.

ಅವತ್ತು ನಾನು ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಗ್ಲೌಸ್, ಮೊಣಕೈ ಮತ್ತು ಭುಜಕ್ಕೆ ಆರ್ಮರ್, ಅಂದರೆ ಪೆಟ್ಟು ತಡೆಯುವ ಮೆತ್ತೆ ಇದ್ದ ಜಾಕೆಟ್ ಹಾಕಿದ್ದೆ. ಕೆಳಗೆ ಮಾಮೂಲಿ ಕಾಟನ್ ಪ್ಯಾಂಟು, ಕ್ಯಾನ್ವಾಸ್ ಶೂ. ಹತ್ತಿರದ ಊರು ತಾನೇ ಎಂದು ರೈಡಿಂಗ್ ಪ್ಯಾಂಟು, ಬೂಟು ಮನೆಯಲ್ಲೇ ಬಿಟ್ಟಿದ್ದೆ. ಸೊಂಟದ ಮೇಲೆ ಒಂದು ಗೀರೂ ಇರಲಿಲ್ಲ. ಜಾಕೆಟ್‌ನ ಮೊಣಕೈ ಸವೆದಿತ್ತು, ಮೊಣಕೈ ನೆಟ್ಟಗಿತ್ತು. ಎಡ ಗ್ಲೌಸ್‌ನ ಅಂಗೈ ಬುಡದಲ್ಲಿದ್ದ ಗಟ್ಟಿ ಪ್ಲಾಸ್ಟಿಕ್ ತುಂಡು ಅರ್ಧ ಸವೆದಿತ್ತು. ಹೆಲ್ಮೆಟ್‌ನ ಗಲ್ಲದ ಪಟ್ಟಿಯ ಬಣ್ಣ ಪೂರ್ತಿ ಕಿತ್ತು ಹೋಗಿತ್ತು. ಅರ್ಧ ಹೆಲ್ಮೆಟ್ ಹಾಕಿದ್ದರೆ ಆ ಜಾಗದಲ್ಲಿ ನನ್ನ ದವಡೆ ಇರುತ್ತಿತ್ತು. ಸೊಂಟದ ಕೆಳಗಿನ ಕತೆ ಬೇರೆ. ಎಡ ಮಂಡಿಯ ಚರ್ಮ ಅಂಗೈಯಗಲ ಸುಲಿದಿತ್ತು. ಬೈಕಿನ ಕೆಳಗೆ ಸಿಕ್ಕಿದ ಕಾಲು ತಿರುಚಿ ಪಾದದ ಕೀಲಿನ ಹೊರಗಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್.

ಮೂಳೆಗಿಂತ ಆ ಚರ್ಮದ ಗಾಯ ನನಗೆ ಹೆಚ್ಚು ಕಷ್ಟ ಕೊಟ್ಟಿತು. ಡಾಂಬರಿನ ಚೂರು, ಮಣ್ಣು ಒಳಗೆ ಉಳಿದರೆ ಕೀವಾಗುತ್ತದೆ. ಚರ್ಮ ಬೆಳೆದ ಮೇಲೂ ಹಚ್ಚೆಯ ಹಾಗೆ ಕಪ್ಪಾಗಿ ಉಳಿದುಬಿಡುತ್ತದೆ. ಹಾಗಾಗಿ ಮೊದಲ ದಿನವೇ ಬ್ರಷ್ ಹಾಕಿ ಉಜ್ಜಿ ತೊಳೆಯಬೇಕು. ಎಷ್ಟೋ ವರ್ಷ ಬೇರೆಯವರಿಗೆ ಅದನ್ನು ಮಾಡಿದ್ದೆ. ಅದು ಹೇಗಿರುತ್ತದೆ ಎಂದು ತಿಳಿದದ್ದು ಆವತ್ತು. ಅಂದಿನಿಂದ ಗಾಯ ತೊಳೆಯುವ ಮೊದಲು ಅರಿವಳಿಕೆ ಮದ್ದು ಕೆಲಸ ಶುರು ಮಾಡಿದೆಯಾ ಎಂದು ಎರಡು ಸಲ ಕೇಳುತ್ತೇನೆ.

ಮೇಲರ್ಧ, ಕೆಳಗರ್ಧ. ಒಂದೇ ಮೈ, ಒಂದೇ ಬೀಳುವಿಕೆ. ಗೇರ್, ಅಂದರೆ ಮೈ ಕಾಯುವ ಈ ಉಡುಪೆಲ್ಲ ಬೇಕಾ ಎಂದು ಕೇಳಿದವರಿಗೆ ನಾನು ಇದಕ್ಕಿಂತ ಒಳ್ಳೆಯ ಉತ್ತರ ಕೊಡಲಾರೆ.

ಹೆಲ್ಮೆಟ್‌ನ ಹಿಂದೆ ನಮ್ಮ ವೈದ್ಯರ ಒಂದು ಕತೆಯೂ ಇದೆ. ಟಿ. ಇ. ಲಾರೆನ್ಸ್, ಅರೇಬಿಯಾದ ಲಾರೆನ್ಸ್ ಎಂದು ಜಗತ್ತು ಕರೆಯುತ್ತಿದ್ದ ಬ್ರಿಟಿಷ್ ಅಧಿಕಾರಿ, 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಬೈಕಿನಿಂದ ಬಿದ್ದರು. ಸೈಕಲ್ಲಿನ ಹುಡುಗರನ್ನು ತಪ್ಪಿಸಲು ಹೋಗಿದ್ದರು. ತಲೆಗೆ ಏನೂ ಹಾಕಿರಲಿಲ್ಲ. ಆರು ದಿನದ ನಂತರ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರತಜ್ಞರಿದ್ದರು. ಅವರು ಆ ಸಾವನ್ನು ಮರೆಯಲಿಲ್ಲ. ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ಲೆಕ್ಕ ಹಾಕಿ 1941ರಲ್ಲಿ ಲೇಖನ ಬರೆದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ನಿಮ್ಮ ತಲೆ ಐದು ವಾರದ ಹಿಂದೆ ಉಳಿದದ್ದರಲ್ಲಿ ಆ ವೈದ್ಯರ ಪಾಲೂ ಇದೆ ಎಂದು ನಾನು ಅಂದುಕೊಳ್ಳುತ್ತೇನೆ.

ಇನ್ನು 12 ಸಾವಿರದ ಲೆಕ್ಕ. ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕಾಗಿಲ್ಲ.

ಮೊದಲು ಹೆಲ್ಮೆಟ್. ಪೂರ್ತಿ ಮುಖದ್ದೇ ತೆಗೆದುಕೊಳ್ಳಿ. ಜರ್ಮನಿಯ ಹ್ಯಾನೋವರ್‌ನಲ್ಲಿ ಡೀಟ್ಮಾರ್ ಒಟ್ಟೆ ಎಂಬ ಸಂಶೋಧಕರು ಅಪಘಾತಕ್ಕೆ ಸಿಕ್ಕಿದ ಹೆಲ್ಮೆಟ್‌ಗಳಲ್ಲಿ ಪೆಟ್ಟು ಎಲ್ಲಿ ಬಿದ್ದಿದೆ ಎಂದು ಗುರುತು ಹಾಕಿದರು. ಸುಮಾರು ಮೂರರಲ್ಲಿ ಒಂದು ಪೆಟ್ಟು ಗಲ್ಲ, ದವಡೆಯ ಜಾಗದಲ್ಲಿತ್ತು. ಅರ್ಧ ಹೆಲ್ಮೆಟ್ ಆ ಜಾಗವನ್ನು ಬರಿದಾಗಿ ಬಿಡುತ್ತದೆ. ನಮ್ಮ ದೇಶದಲ್ಲಿ 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಆದರೂ ರಸ್ತೆ ಬದಿಯಲ್ಲಿ 300 ರೂಪಾಯಿಯ ಟೋಪಿಗೂ ಐಎಸ್‌ಐ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅಸಲಿ ಗುರುತಿನ ಮೇಲೆ ಐಎಸ್ 4151 ಎಂಬ ಸಂಖ್ಯೆ ಇರುತ್ತದೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದು ಎಂದು ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ನೋಡಿ. ಇಸಿಇ 22.06 ಗುರುತೂ ಇದ್ದರೆ ಇನ್ನೂ ಒಳ್ಳೆಯದು. ಓರೆಯಾಗಿ ಬಡಿದಾಗ ತಲೆ ಗಿರಕಿ ಹೊಡೆಯುವುದನ್ನೂ ಅದರಲ್ಲಿ ಪರೀಕ್ಷಿಸುತ್ತಾರೆ. ಮೂರು ನಾಲ್ಕು ಸಾವಿರದಲ್ಲಿ ಒಳ್ಳೆಯ ಹೆಲ್ಮೆಟ್ ಸಿಗುತ್ತದೆ. ಅದಕ್ಕಿಂತ ಕಡಿಮೆಗೂ ಅಸಲಿ ಐಎಸ್‌ಐ ಹೆಲ್ಮೆಟ್ ಸಿಗುತ್ತದೆ, ಅದನ್ನು ಕೀಳಾಗಿ ಕಾಣಬೇಡಿ. ನಮ್ಮ ಬೆಳಗಾವಿಯಲ್ಲೇ ಹೆಲ್ಮೆಟ್ ತಯಾರಾಗುತ್ತದೆ.

ದುಡ್ಡಿಗಿಂತ ಅಳತೆ ಮುಖ್ಯ. ಹೊಸ ಹೆಲ್ಮೆಟ್ ಕೆನ್ನೆಯನ್ನು ಒತ್ತಬೇಕು. ಆರಾಮಾಗಿ ಕೂತರೆ ಅದು ದೊಡ್ಡದು ಎಂದರ್ಥ, ತಿಂಗಳಲ್ಲಿ ಇನ್ನೂ ಸಡಿಲವಾಗುತ್ತದೆ. ಹಣೆಯಲ್ಲಿ ಒಂದೇ ಚುಕ್ಕೆಯಲ್ಲಿ ನೋವಾದರೆ ಆ ಆಕಾರ ನಿಮ್ಮ ತಲೆಗಲ್ಲ, ಬೇರೆ ಕಂಪನಿಯದು ನೋಡಿ. ಬೆಲ್ಟ್ ಹಾಕಿ, ಹಿಂಭಾಗದ ಅಂಚನ್ನು ಹಿಡಿದು ಮೇಲಕ್ಕೂ ಮುಂದಕ್ಕೂ ಎಳೆಯಲು ಯಾರಿಗಾದರೂ ಹೇಳಿ. ಕಳಚಿ ಬಂದರೆ ಬೇಡ. ಬೆಲ್ಟ್ ಹಾಕದ ಹೆಲ್ಮೆಟ್ ಬಿದ್ದ ಕ್ಷಣವೇ ತಲೆಯಿಂದ ಹಾರಿ ಹೋಗುತ್ತದೆ. ನಾನು ನೋಡಿದ ಎಷ್ಟೋ ಜನರ ಹೆಲ್ಮೆಟ್ ಚೆನ್ನಾಗಿತ್ತು, ಬೆಲ್ಟ್ ಮಾತ್ರ ಹಾಕಿರಲಿಲ್ಲ. ಪೆಟ್ರೋಲ್, ತಿನ್ನರ್ ಹಾಕಿ ಒರೆಸಬೇಡಿ, ಒಳಗಿನ ಥರ್ಮಾಕೋಲ್ ಕರಗುತ್ತದೆ. ಸೋಪಿನ ನೀರು ಸಾಕು. ಬೀಳದಿದ್ದರೂ ಐದು ವರ್ಷಕ್ಕೊಮ್ಮೆ ಬದಲಾಯಿಸಿ.

ಆಮೇಲೆ ಗ್ಲೌಸ್. ಇದನ್ನು ಎರಡನೇ ಸ್ಥಾನದಲ್ಲಿ ಇಡುವುದು ನನ್ನ ಸ್ವಂತ ಅಭಿಪ್ರಾಯ. ಬೇರೆಯವರು ಜಾಕೆಟ್ ಅನ್ನಬಹುದು. ಕೈಗೆ ಪೆಟ್ಟಾದವರು ಊಟಕ್ಕೆ, ಸ್ನಾನಕ್ಕೆ, ಶೌಚಕ್ಕೆ ಇನ್ನೊಬ್ಬರನ್ನು ನೆಚ್ಚುವುದನ್ನು ದಿನಾ ನೋಡುವವನು ನಾನು. ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ಗೆಣ್ಣಿನ ಮೇಲಿನ ಪ್ಲಾಸ್ಟಿಕ್ ನೋಡಿ ಮರುಳಾಗಬೇಡಿ, ಅಂಗೈ ತಿರುಗಿಸಿ ನೋಡಿ. ಅಂಗೈ ಬುಡದಲ್ಲಿ ನುಣುಪಾದ ಗಟ್ಟಿ ತುಂಡು ಇರಬೇಕು. ಕೈ ನೆಲಕ್ಕೆ ಊರಿದಾಗ ಅಲ್ಲೇ ಕಚ್ಚಿ ನಿಲ್ಲದೆ ಜಾರಲು ಅದು ಬಿಡುತ್ತದೆ. ಆ ನಶ್ಯದ ಗುಳಿಯ ಮೂಳೆಯ ಮೇಲೆ ಒಮ್ಮೆಲೇ ಭಾರ ಬೀಳದಿರಲು ಅದು ನೆರವಾಗುತ್ತದೆ. ಮಣಿಕಟ್ಟಿಗೆ ಪಟ್ಟಿ ಇರಲಿ, ಇಲ್ಲದಿದ್ದರೆ ಗ್ಲೌಸ್ ಕಳಚಿಕೊಳ್ಳುತ್ತದೆ.

ಕಾಲಿಗೆ ನೀವು ಬೇರೆ ಖರ್ಚು ಮಾಡದೆಯೂ ಇರಬಹುದು. ಕಾರ್ಖಾನೆಯಲ್ಲಿ ಸೇಫ್ಟಿ ಶೂ ಕೊಡುತ್ತಾರಲ್ವಾ? ಪಾದದ ಕೀಲನ್ನು ಮುಚ್ಚುವಷ್ಟು ಎತ್ತರ ಇದ್ದರೆ ಅದನ್ನೇ ಹಾಕಿಕೊಂಡು ಓಡಿಸಿ. ಬೈಕಿಗೆಂದೇ ಮಾಡಿದ ಬೂಟಿನಷ್ಟು ಒಳ್ಳೆಯದಲ್ಲ. ಚಪ್ಪಲಿಗಿಂತ ಎಷ್ಟೋ ಮೇಲು. ಲೇಸಿನ ತುದಿಯನ್ನು ಒಳಗೆ ಸಿಕ್ಕಿಸಿ, ಗೇರ್ ಲಿವರಿಗೆ ಸುತ್ತಿಕೊಳ್ಳುವುದುಂಟು. ಮಂಡಿಗೆ ಪ್ಯಾಂಟಿನ ಮೇಲೆ ಕಟ್ಟಿಕೊಳ್ಳುವ ಗಾರ್ಡ್ ಒಂದೂವರೆ ಎರಡು ಸಾವಿರಕ್ಕೆ ಬರುತ್ತದೆ.

ಉಳಿದ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ, ಎರಡು ಮೂರು ತಿಂಗಳು ಬಿಟ್ಟು ಜಾಕೆಟ್ ತೆಗೆದುಕೊಳ್ಳಿ. ಬಿಸಿಲಿನ ಮಾತು ನಿಜ. ಅದಕ್ಕೇ ಜಾಲರಿ ಬಟ್ಟೆಯ ಜಾಕೆಟ್ ಇರುವುದು. ಗಾಡಿ ಓಡುತ್ತಿರುವಾಗ ಗಾಳಿ ಒಳಗೆ ಹರಿಯುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಬೆವರುತ್ತೀರಿ. ಜಾಲರಿ ದಪ್ಪ ಬಟ್ಟೆಯಷ್ಟು ಉಜ್ಜಾಟ ತಡೆಯುವುದಿಲ್ಲ. ಮನೆಯ ಮೊಳೆಗೆ ನೇತುಹಾಕಿದ ಚರ್ಮದ ಜಾಕೆಟ್‌ಗಿಂತ ಮೈಮೇಲಿರುವ ಜಾಲರಿ ಜಾಕೆಟ್ ಉಪಯೋಗಕ್ಕೆ ಬರುತ್ತದೆ. ಒಳಗಿನ ಆರ್ಮರ್ ಹೊರಗೆ ತೆಗೆದು ನೋಡಿ. ಇಎನ್ 1621-1 ಎಂಬ ಯುರೋಪಿನ ಗುಣಮಟ್ಟದ ಸಂಖ್ಯೆ ಅಚ್ಚಾಗಿರಬೇಕು, ಜೊತೆಗೆ ಲೆವೆಲ್ 1 ಅಥವಾ 2. ಮೊಣಕೈ ಆರ್ಮರ್ ಲೆವೆಲ್ 1 ಆದರೆ ಪರೀಕ್ಷೆಯ ಹೊಡೆತದ ಬಲದಲ್ಲಿ ಸರಾಸರಿ 35 ಕಿಲೋನ್ಯೂಟನ್‌ವರೆಗೆ ಒಳಗೆ ಬಿಡಬಹುದು, ಲೆವೆಲ್ 2 ಆದರೆ 20 ಮಾತ್ರ. ಬೆನ್ನಿನದ್ದಕ್ಕೆ 1621-2 ಎಂಬ ಬೇರೆ ಸಂಖ್ಯೆ. ಎಷ್ಟೋ ಜಾಕೆಟ್‌ಗಳ ಬೆನ್ನಿನಲ್ಲಿ ಬರೀ ಸ್ಪಂಜಿನ ಹಾಳೆ ಇರುತ್ತದೆ, ಅದು ಆರ್ಮರ್ ಅಲ್ಲ. ಇಡೀ ಬಟ್ಟೆಗೆ ಇಎನ್ 17092 ಎಂಬ ಗುರುತಿದ್ದರೆ ಎಎಎ, ಎಎ, ಎ ಎಂದು ದರ್ಜೆ ಬರೆದಿರುತ್ತಾರೆ. ಎಎಎ ಎಲ್ಲಕ್ಕಿಂತ ಗಟ್ಟಿ.

ಲೇಬಲ್ ನೋಡಿ ಎಂದು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಆಸ್ಟ್ರೇಲಿಯಾದಲ್ಲಿ ಲಿಜ್ ಡಿ ರೋಮ್ ಮತ್ತು ಜೊತೆಗಾರರು ಅಪಘಾತಕ್ಕೆ ಸಿಕ್ಕಿದ 212 ಸವಾರರನ್ನು ಮಾತಾಡಿಸಿ, ಅವರ ಗಾಯಗಳನ್ನೂ ತೊಟ್ಟ ಬಟ್ಟೆಯನ್ನೂ ಹೋಲಿಸಿದರು. 2011ರಲ್ಲಿ ವರದಿ ಬಂತು. ಬೈಕಿಗೆಂದೇ ಮಾಡಿದ ಜಾಕೆಟ್, ಪ್ಯಾಂಟು, ಗ್ಲೌಸ್ ತೊಟ್ಟವರು ಆಸ್ಪತ್ರೆಗೆ ದಾಖಲಾಗುವುದು ಕಡಿಮೆ ಎಂದು ತಿಳಿಯಿತು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಬಿದ್ದವರ ಜಾಕೆಟ್‌ಗಳಲ್ಲಿ ಸುಮಾರು 30%, ಗ್ಲೌಸ್‌ಗಳಲ್ಲಿ ಸುಮಾರು 26% ಹರಿದು ಕೈಕೊಟ್ಟಿದ್ದವು. ಗೇರ್ ಎಂದು ಮಾರುವುದೆಲ್ಲ ಗೇರ್ ಅಲ್ಲ. ಇನ್ನೊಂದು ವಿಷಯ ನಾನು ಮುಚ್ಚಿಡುವುದಿಲ್ಲ. ಲಾರಿ ಗುದ್ದಿದರೆ, ಕಂಬಕ್ಕೆ ಬಡಿದರೆ ಆರ್ಮರ್ ಕಾಲಿನ ದೊಡ್ಡ ಮೂಳೆಯನ್ನು ಉಳಿಸುವುದಿಲ್ಲ. ಅದು ಉಳಿಸುವುದು ಚರ್ಮ, ಬೆರಳು, ಮೊಣಕೈ, ಮಂಡಿ. ದುಡಿದು ತಿನ್ನುವವರಿಗೆ ಅದೇನೂ ಸಣ್ಣ ಉಳಿತಾಯವಲ್ಲ.

ನೀವು ಬ್ರೇಕ್ ಹಿಡಿದು ಜಾರಿದ್ದರಿಂದ ಒಂದು ಮಾತು. ನಿಮ್ಮ ಬೈಕಿಗೆ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ ಇದೆಯಾ ನೋಡಿ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ. ನಿಮ್ಮದರಲ್ಲಿ ಅದು ಇಲ್ಲದಿದ್ದರೆ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ. ಮುಂದಿನ ಬ್ರೇಕನ್ನು ಒಮ್ಮೆಲೇ ಕಿತ್ತು ಹಿಡಿಯದೆ, ನಿಂಬೆಹಣ್ಣು ಹಿಂಡುವ ಹಾಗೆ ಒತ್ತುತ್ತಾ ಹೋಗುವುದು ಕೈಗೆ ರೂಢಿಯಾಗಬೇಕು. ನಾಯಿ ಅಡ್ಡ ಬಂದಾಗ ಯೋಚಿಸಲು ಸಮಯ ಇರುವುದಿಲ್ಲ, ರೂಢಿ ಮಾತ್ರ ಕೆಲಸ ಮಾಡುತ್ತದೆ. ಮಣಿಕಟ್ಟು ವಾಸಿಯಾದ ಮೇಲೆ.

ಬಿದ್ದ ಮೇಲಿನ ಹತ್ತು ನಿಮಿಷದ ಬಗ್ಗೆ ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ನಾನು ಬಿದ್ದಾಗ ಊರಿನ ನಾಲ್ಕೈದು ಜನ ಓಡಿ ಬಂದರು. ಒಬ್ಬರು ಕಂಕುಳಿಗೆ ಕೈಹಾಕಿ ಎತ್ತಲು ನೋಡಿದರು, ಇನ್ನೊಬ್ಬರು ಹೆಲ್ಮೆಟ್ ಎಳೆಯಲು ಬಂದರು, ಒಬ್ಬ ತಾಯಿ ಚೊಂಬಿನಲ್ಲಿ ನೀರು ತಂದರು. ಎಷ್ಟು ಒಳ್ಳೆಯ ಮನಸ್ಸು ನೋಡಿ. ಆದರೆ ಆ ಮೂರೂ ಅಪಾಯ. ಒಂದು ನಿಮಿಷ ಹಾಗೇ ಬಿಡಿ ಅಂದೆ. ಮಲಗಿದಲ್ಲೇ ಕಾಲ್ಬೆರಳು ಆಡಿಸಿದೆ, ಕೈಬೆರಳು ಆಡಿಸಿದೆ, ಕತ್ತಿನಲ್ಲಿ ನೋವಿದೆಯಾ, ಕೈಕಾಲು ಜೋಮು ಹಿಡಿದಿದೆಯಾ ನೋಡಿಕೊಂಡೆ. ಆಮೇಲೆ ನಿಧಾನವಾಗಿ ಎದ್ದು ಕುಳಿತೆ. ಬಿದ್ದ ಗಾಬರಿಯಲ್ಲಿ ಮೈ ನೋವನ್ನು ಮುಚ್ಚಿಡುತ್ತದೆ. ನನಗೆ ಏನೂ ಆಗಿಲ್ಲ ಎಂದು ಎದ್ದು ಬೈಕ್ ಎತ್ತಿ ನಿಲ್ಲಿಸಿದವರು ಸಂಜೆ ಹೊಟ್ಟೆಯೊಳಗಿನ ರಕ್ತಸ್ರಾವಕ್ಕೆ ಬಂದದ್ದನ್ನು ನೋಡಿದ್ದೇನೆ.

ಬೇರೆ ಯಾರಾದರೂ ಬಿದ್ದಿದ್ದು ನೀವು ಹತ್ತಿರ ಹೋದರೆ, ಪ್ರಜ್ಞೆ ಇದ್ದು ಉಸಿರಾಡುತ್ತಿದ್ದರೆ ಹೆಲ್ಮೆಟ್ ಮುಟ್ಟಬೇಡಿ. ಗಾಜು ಮಾತ್ರ ಮೇಲೆತ್ತಿ. ಉಸಿರು ನಿಂತಿದ್ದರೆ, ವಾಂತಿ ಅಡ್ಡಗಟ್ಟಿದ್ದರೆ ತೆಗೆಯಲೇಬೇಕು. ಆಗ ಇಬ್ಬರು ಬೇಕು. ಒಬ್ಬರು ಕೆಳಗಿನಿಂದ ದವಡೆ ಮತ್ತು ಕತ್ತಿನ ಹಿಂಭಾಗ ಹಿಡಿದು ಅಲುಗದಂತೆ ನಿಲ್ಲಿಸಬೇಕು. ಇನ್ನೊಬ್ಬರು ಬೆಲ್ಟ್ ಬಿಚ್ಚಿ, ಹೆಲ್ಮೆಟ್‌ನ ಎರಡೂ ಬದಿ ಅಗಲಿಸಿ ಮೆಲ್ಲಗೆ ಜಾರಿಸಬೇಕು. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ನೀರು ಕುಡಿಸಬೇಡಿ, ಉಸಿರುನಾಳಕ್ಕೆ ಹೋಗಬಹುದು, ಆಪರೇಷನ್‌ಗೂ ಅಡ್ಡಿ. 108ಕ್ಕೆ ಫೋನ್ ಮಾಡಿ. ಪೊಲೀಸು, ಕೋರ್ಟು ಎಂದು ಹೆದರಬೇಡಿ. ನೆರವಿಗೆ ಬಂದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯ ಮಾಡುವಂತಿಲ್ಲ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆಯೂ ಇದೆ. ಆಸ್ಪತ್ರೆಯಲ್ಲಿ ಇದನ್ನು ಕೇಳಿ.

ಕೊನೆಗೆ ನಿಮ್ಮ ಮನೆಯವರ ಮಾತು. ಅವರ ಹೆದರಿಕೆ ನ್ಯಾಯವಾದದ್ದು. ಬಸ್ಸು, ರೈಲಿನಲ್ಲಿ ಕೆಲಸಕ್ಕೆ ಹೋಗಲು ಆಗುತ್ತದೆ ಎಂದಾದರೆ ಹಾಗೇ ಮಾಡಿ. ಬೈಕಿಗಿಂತ ಅದು ಎಷ್ಟೋ ಸುರಕ್ಷಿತ, ಇದನ್ನು ಬೈಕ್ ಪ್ರೀತಿಸುವ ನಾನೇ ಹೇಳುತ್ತಿದ್ದೇನೆ. ಶಿಫ್ಟಿನ ಹೊತ್ತಿಗೆ ಬಸ್ಸು ಸಿಗದು ಎಂದಾದರೆ ಬೈಕು ಇರಲಿ. ಆದರೆ ನಿಮ್ಮ ಗೇರ್ ಬಗ್ಗೆ ಇಷ್ಟು ಕೇಳಿದ ನೀವು ಹಿಂದೆ ಕೂರುವವರ ಬಗ್ಗೆ ಒಂದು ಮಾತೂ ಬರೆದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029 ಜನ. ಅವರಲ್ಲಿ 14,337 ಮಂದಿ ಓಡಿಸುತ್ತಿದ್ದವರಲ್ಲ, ಹಿಂದೆ ಕೂತಿದ್ದವರು. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೆ 2016ರ ಜನವರಿಯಿಂದಲೇ ಹೆಲ್ಮೆಟ್ ಕಡ್ಡಾಯವಾಗಿದೆ. ಆದರೂ ಹಬ್ಬಕ್ಕೆ, ಮದುವೆಗೆ ಹೊರಟ ಜೋಡಿಗಳಲ್ಲಿ ಗಂಡನ ತಲೆಗೆ ಹೆಲ್ಮೆಟ್, ಹೆಂಡತಿಯ ತಲೆಗೆ ಬರೀ ಹೂವು. ಒಂದು ಬದಿಗೆ ಕಾಲು ಇಳಿಬಿಟ್ಟು ಕೂತವರಿಗೆ ಹಿಡಿತವೂ ಕಡಿಮೆ, ಸೆರಗು ಚಕ್ರಕ್ಕೆ ಸಿಕ್ಕುವ ಭಯ ಬೇರೆ. ಹಂಪ್ ಮೇಲೆ ಹಾರಿ ಬಿದ್ದು ತಲೆಗೆ ಪೆಟ್ಟಾದ ತಾಯಂದಿರು ನಮ್ಮ ಆಸ್ಪತ್ರೆಗೆ ಬರುತ್ತಲೇ ಇರುತ್ತಾರೆ. ಗಾಡಿ ಎಲ್ಲಿಗೂ ಬಡಿದಿರುವುದಿಲ್ಲ.

ಮಗಳಿಗೆ ಮೂರು ವರ್ಷ ಅಂದಿರಿ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಅದರ ಅಳತೆಯದೇ ಹೆಲ್ಮೆಟ್ ಹಾಕಬೇಕು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಮಗುವನ್ನು ಓಡಿಸುವವರ ಮೈಗೆ ಸೇರಿಸಿ ಕಟ್ಟುವ ಬೆಲ್ಟ್ ಬೇಕು, ವೇಗ 40 ದಾಟಬಾರದು. ಈ ವಯಸ್ಸಿಗೆ ಸೈಕಲ್ ಹೆಲ್ಮೆಟ್ ಕೂಡ ಆಗುತ್ತದೆ ಎಂದು ನಿಯಮದಲ್ಲೇ ಇದೆ, ಹಗುರ ಇರುವುದರಿಂದ ಮಗುವಿನ ಕತ್ತಿಗೂ ಒಳ್ಳೆಯದು. ಪೆಟ್ರೋಲ್ ಟ್ಯಾಂಕಿನ ಮೇಲೆ ಮಾತ್ರ ಎಂದಿಗೂ ಕೂರಿಸಬೇಡಿ. ಬ್ರೇಕ್ ಹಿಡಿದರೆ ಮಗುವಿನ ಎದೆ, ಮುಖ ನೇರ ಹ್ಯಾಂಡಲ್‌ಗೆ ಬಡಿಯುತ್ತದೆ.

ಆದ್ದರಿಂದ ನಿಮ್ಮ 12 ಸಾವಿರದ ಲೆಕ್ಕವನ್ನು ಸ್ವಲ್ಪ ಬದಲಾಯಿಸುತ್ತೇನೆ. ಈ ತಿಂಗಳು ಮೂರು ಹೆಲ್ಮೆಟ್, ಒಂದು ಜೊತೆ ಗ್ಲೌಸ್. ಜಾಕೆಟ್ ಮುಂದಕ್ಕೆ ಹೋಗಲಿ. ಅಂಗಡಿಗೆ ಹೋಗುವಾಗ ಮನೆಯವರನ್ನೂ ಮಗಳನ್ನೂ ಕರೆದುಕೊಂಡು ಹೋಗಿ, ಅಳತೆ ನೋಡದೆ ಹೆಲ್ಮೆಟ್ ತರುವ ಹಾಗಿಲ್ಲ. ಮನೆಯವರು ಜಡೆ ಹಾಕಿಕೊಂಡೇ, ದಿನಾ ಇರುವ ಹಾಗೇ ಬಂದು ಹಾಕಿ ನೋಡಲಿ. ಮೇಲೆ ಕಟ್ಟಿದ ತುರುಬಿದ್ದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಅದಕ್ಕೂ ಮೊದಲು ಆ ಎಕ್ಸ್‌ರೇ ಹಿಡಿದು ಮೂಳೆ ವೈದ್ಯರ ಹತ್ತಿರ ಹೋಗಿ. ಅಂಗಡಿಗೆ ಹೋಗುವುದಾದರೂ ಬಸ್ಸಿನಲ್ಲೇ ಹೋಗಿ.